ಅಂಚಿನ ಧೂಳು

ಒಡೆದ ಗಾಜಿಗೂ ವಯಸ್ಸುಂಟು, ಸ್ವಾಮಿ.
ನಿನ್ನೆ ಒಡೆದದ್ದರ ಅಂಚು ಹಸಿರಾಗಿ ಹೊಳೆಯುತ್ತದೆ,
ಹೋದ ವರ್ಷದ್ದು ಧೂಳು ಕುಡಿದು ಮಂಕಾಗಿರುತ್ತದೆ.
ಗಾಂಧಿ ಬಜಾರಿನ ಒಳಸಂದಿಯಲ್ಲಿ ಮೂವತ್ತೊಂದು ವರ್ಷ
ವಜ್ರದ ಮೊನೆ ಎಳೆದವನು ನಾನು, ದಸ್ತಗೀರ.
ಇಷ್ಟಂತೂ ಓದಬಲ್ಲೆ.

ಸವಳಂಗ ರಸ್ತೆಯ ಹುಡುಗರ ಹಾಸ್ಟೆಲಿಂದ ಫೋನು ಬಂದಾಗ
ಸುಳ್ಳೇಕೆ, ಖುಷಿಯೇ ಆಯಿತು.
ಆಷಾಢ. ಗೃಹಪ್ರವೇಶವಿಲ್ಲ, ಫೋಟೋ ಕಟ್ಟಿಸುವವರಿಲ್ಲ.
ಇಪ್ಪತ್ತಮೂರು ಕಿಟಕಿ ಅಂದರು ವಾರ್ಡನ್ ಷಡಾಕ್ಷರಪ್ಪ.
ದಾರಿಯಲ್ಲೇ ಮನಸ್ಸಿನೊಳಗೆ ಮಗಳ ಫೀಜು ಕಟ್ಟಿಬಿಟ್ಟೆ.

ಅಂಗಳ ತುಂಬಾ ಗಾಜು.
ಊಟದ ಬೆಂಚು ಕಾಲು ಮೇಲೆ ಮಾಡಿ ಬಿದ್ದಿತ್ತು.
ನೋಟಿಸ್ ಬೋರ್ಡಿನ ಬೀಗ ಹಾಗೇ ಇತ್ತು,
ಬೋರ್ಡು ಇರಲಿಲ್ಲ.

ಟೇಪಿನ ಇನ್ನೊಂದು ತುದಿ ಹಿಡಿಯಲು ಬಂದವನು ಹಾಲೇಶ,
ಎರಡನೇ ಬಿ.ಎಸ್ಸಿ., ಶಿಕಾರಿಪುರ ಕಡೆಯ ಹುಡುಗ.
ಬಲಗೈಗೆ ಟವೆಲಿನ ಚೂರು ಸುತ್ತಿತ್ತು.
ನಾನು ಕೇಳಲಿಲ್ಲ. ಅವನೇ ಹೇಳಿದ:
"ಹನ್ನೊಂದು ದಿನ ನಲ್ಲೀಲಿ ಬರೀ ಗಾಳಿ, ಸಾಬರೇ.
ಆರು ಅರ್ಜಿ ಕೊಟ್ವಿ. ಆರಕ್ಕೂ ಸೀಲು ಹೊಡೆದು ಕೊಟ್ರು.
ಅತ್ತ ತುಂಗೆ ದಡ ಮೀರಿ ಹರೀತಿದಾಳೆ,
ನಾವು ಇಲ್ಲಿ ಬೆಳಗಾದ್ರೆ
ಪೆಟ್ರೋಲ್ ಬಂಕಿನ ಕಕ್ಕಸಿಗೆ ಕ್ಯೂ.
ಒಡೆದದ್ದು ರಾತ್ರಿ ಒಂಬತ್ತಕ್ಕೆ. ಬೆಳಿಗ್ಗೆ ಆರಕ್ಕೆ ಎರಡು ಟ್ಯಾಂಕರ್.
ನೀವೇ ಹೇಳಿ, ಯಾವ ಅರ್ಜಿ ಓದಿದ್ರು ಅವರು?"

ನನ್ನ ಬಾಯಲ್ಲಿ ಮೊಳೆಗಳಿದ್ದವು.
ಉಗುಳಿ ಮಾತಾಡಬಹುದಿತ್ತು. ಉಗುಳಲಿಲ್ಲ.

ನನ್ನ ಅಂಗಡಿಗೂ ಕಲ್ಲು ಬಿದ್ದ ಒಂದು ಸಂಜೆ ಉಂಟು.
ಎಸೆದವರಿಗೆ ಆವತ್ತೂ ಕಾರಣವಿತ್ತು,
ಎಸೆಯುವವರಿಗೆ ಯಾವಾಗಲೂ ಇರುತ್ತದೆ.
ಕಾರಣ ಯಾವುದಾದರೇನು, ಗಾಜು ಮಾಡುವುದು ಒಂದೇ ಸದ್ದು.
ಆದರೆ ಆ ಹನ್ನೊಂದು ದಿನ
ಸದ್ದೇ ಇರಲಿಲ್ಲವಲ್ಲ.

ಗಿಡ್ಡಮ್ಮ ಚೂರು ಗುಡಿಸುತ್ತಿದ್ದಳು.
"ನೀರಿಲ್ದೆ ಆ ಕಕ್ಕಸು ತೊಳೆದೋಳು ನಾನು,
ಇವತ್ತು ಇದನ್ನ ಬಾಚೋಳೂ ನಾನೇ.
ಅವರ ಅರ್ಜೀಲಿ ನನ್ ಹೆಸರಿಲ್ಲ, ನಿಮ್ ಬಿಲ್ಲಲ್ಲೂ ಇರಲ್ಲ.
ಸರಿಯೋ ತಪ್ಪೋ ನೀವ್ ನೀವೇ ಮಾತಾಡ್ಕಳಿ,
ಕಾಲು ತೆಗೀರಿ."
ಹಾಲೇಶ ಕಾಲು ತೆಗೆದ. ಆಮೇಲೆ ಬಗ್ಗಿ
ಎಡಗೈಯಲ್ಲಿ ಚೂರು ಆರಿಸತೊಡಗಿದ.
ಪೊರಕೆಯಿಂದ ಒಂದು ಕೊಟ್ಟಳು:
"ಆ ಕೈನೂ ಕುಯ್ಕಬೇಡ."

ಮಹಡಿ ಹತ್ತಿದೆ. ಅಲ್ಲಿ ಸಿಕ್ಕಿತು ಧೂಳು.
ಹದಿನೇಳು, ಹದಿನೆಂಟು, ಇಪ್ಪತ್ತನೇ ರೂಮು...
ಒಡೆದ ಬಾಯಿಗೆ ಕ್ಯಾಲೆಂಡರ್ ಹಾಳೆ, ಹೋದ ವರ್ಷದ ಜೂನು.
ಕಿತ್ತರೆ ಕೆಳಗೆ ಇನ್ನೊಂದು ಜೂನು, ಅದರ ಹಿಂದಿನದು.
ಯಾರದೋ ತಲೆದಿಂಬಿನ ಪಕ್ಕ ಗೋಡೆಯ ಮೇಲೆ ಪಾಚಿ.
ಎಣಿಸಿದೆ, ಒಂಬತ್ತು.
ಅವನ್ನು ಯಾರೂ ಒಡೆದಿರಲಿಲ್ಲ,
ಯಾರೂ ಹಾಕಿಸಿರಲೂ ಇಲ್ಲ.

"ಇಪ್ಪತ್ತಮೂರು ಅಂತಲೇ ಬರೆಯಿರಿ,
ಹುಡುಗರ ಡಿಪಾಜಿಟ್ಟಲ್ಲಿ ಹಿಡಿಯೋದು" ಅಂದರು ಷಡಾಕ್ಷರಪ್ಪ.
ಕೆಟ್ಟವರೇನಲ್ಲ. ಮೂರು ರಾತ್ರಿ ನಿದ್ದೆಗೆಟ್ಟ ಕಣ್ಣು.
ಮೇಜಿನ ಗಾಜಿನಡಿ ಅವರದೂ ಒಂದು ಕಾಗದವಿತ್ತು,
ನೀರಿಗಾಗಿ ಜಿಲ್ಲಾ ಕಚೇರಿಗೆ ಬರೆದದ್ದು,
ಸೀಲು ಬಿದ್ದದ್ದು.

ಗಾಜು ಇಪ್ಪತ್ತಮೂರೂ ಹಾಕಿದೆ. ಬಿಲ್ಲು ಎರಡು ಬರೆದೆ:
ಹದಿನಾಲ್ಕಕ್ಕೆ ಒಂದು, ಒಂಬತ್ತಕ್ಕೆ ಒಂದು.
ಮೊದಲನೆಯದಕ್ಕೆ ವಾರದೊಳಗೆ ಹಣ ಬಂತು, ಹುಡುಗರದು.
ಫೀಜಿಗೆ ಸಾಲಲಿಲ್ಲ.
ಎರಡನೆಯದಕ್ಕೆ
ಸೀಲು ಹೊಡೆದು ಕೊಟ್ಟರು.

ದಸರೆಯ ಹೊತ್ತಿಗೆ ನಾಲ್ಕು ಸಲ ಹೋಗಿ ಬಂದೆ.
"ಮೇಲಿಂದ ಬರಬೇಕು, ಸಾಬರೇ."
ನಾಲ್ಕನೇ ಸಲ ಗೇಟಿನ ಹತ್ತಿರ, ಕಾಂಪೌಂಡು ಕೆಲಸಕ್ಕೆ ತಂದ
ಜಲ್ಲಿ ರಾಶಿಯ ಮುಂದೆ, ಬೀಡಿ ಹಚ್ಚಿ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ.
ನಾನೇ ಹಾಕಿದ ಗಾಜು ಎದುರಿಗೆ ಬಿಸಿಲಲ್ಲಿ.
ಅದರ ಹಿಂದೆ ಯಾರೋ ಬನಿಯನ್ ಹಿಂಡುತ್ತಿದ್ದ.
ನಲ್ಲಿಯ ಸದ್ದು ಗೇಟಿನ ತನಕ ಕೇಳುತ್ತಿತ್ತು.