ಸಿಹಿನೀರು

ಬೆಳಿಗ್ಗೆ ಬಂದವರಿಗೆ ಅದು ಬರೀ ಬೂದು ಕೆರೆ.
ಹೊತ್ತೇರಿ, ಗಾಳಿ ಎದ್ದು, ನೀರು ಕದಡಿದ ಮೇಲೆ
ಗುಲಾಬಿ,
ಕೊಯ್ದ ಚಂದ್ರಸೀಬೆಯ ಒಳಗಿನ ಹಾಗೆ.
ಮರಳ ದಿಬ್ಬದಾಚೆ ಅಟ್ಲಾಂಟಿಕ್. ಕೇಳಿಸುತ್ತದೆ, ಕಾಣುವುದಿಲ್ಲ.

ಸುಂಗಾಲೋ ಮಾಲಿಯಿಂದ ಸೆನೆಗಲ್ಲಿಗೆ ಬಂದವನು.
ಎದೆಮಟ್ಟದ ನೀರಿಗಿಳಿಯುವ ಮುನ್ನ ಶಿಯಾ ಬೆಣ್ಣೆ ಬಳಿದುಕೊಳ್ಳುತ್ತಾನೆ:
ಕಂಕುಳಿಗೆ, ಮೊಣಕಾಲ ಹಿಂದಕ್ಕೆ, ಮಾಯದ ಗಾಯದ ಬಾಯಿಗೆ.
ಮರೆತ ದಿನ ರಾತ್ರಿಯಿಡೀ ತೊಗಲು ಬೈಯುತ್ತದೆ.
ತಳದ ಉಪ್ಪು ಒಡೆದು, ದೋಣಿ ತುಂಬಿ,
ದಡದಲ್ಲಿ ಪೆಂದಾಳ ಬೋಗುಣಿಗೆ ಸುರಿಯುತ್ತಾನೆ.
ತಲೆಯಿಂದ ಕತ್ತಿಗಿಳಿಯುವ ನೀರನ್ನು
ಅವಳು ಒರೆಸಿಕೊಳ್ಳುವುದು ಬಿಟ್ಟು ವರ್ಷಗಳಾದವು.

ಡಕಾರಿನ ಕಾಲೇಜಿನ ಅರಾಮ್ ಒಂದು ದಿನ
ಗಾಜಿನ ಮೇಲೊಂದು ಹನಿಯಿಟ್ಟು, ನೋಡು, ಅಂದಳು.
ಬಗ್ಗಿದ ಸುಂಗಾಲೋ. ಕೆಂಪು ಕಾಳುಗಳು.
ಎರಡೆರಡು ಬಾಲ ಬಡಿಯುತ್ತ
ಬಸ್ಸು ತಪ್ಪೀತೆಂಬ ಅವಸರದಲ್ಲಿದ್ದವು.
'ಇವಕ್ಕೆ ಉರಿಯುವುದಿಲ್ಲವೆ?'
'ಮೈಯೊಳಗೆ ಒಂಥರ ಸಿಹಿ ಜಿಡ್ಡು ತುಂಬಿಕೊಂಡಿರುತ್ತವೆ,
ಉಪ್ಪು ಹಿಂಡದ ಹಾಗೆ.'
'ಓ,' ಅಂದ, 'ಬೆಣ್ಣೆಯನ್ನು ಒಳಗಿಂದ ಬಳಿದುಕೊಂಡ ಮಂದಿ.'
ಆವತ್ತು ನೀರಿಗೆ ಮೆಲ್ಲಗೆ ಕಾಲಿಟ್ಟ ಅನ್ನುತ್ತಾಳೆ ಪೆಂದಾ.
ಅವಳ ಮಾತು ಪೂರಾ ನಂಬುವ ಹಾಗಿಲ್ಲ.

ಆಮೇಲೊಂದು ಮಳೆಗಾಲ.
ಊರೂರ ಬೀದಿ ತೊಳೆದ ನೀರೆಲ್ಲ ಕೆರೆಗೆ ಬಿತ್ತು.
ಮೀನು ಬಂದವು. ಹಕ್ಕಿ ಬಂದವು. ಮಕ್ಕಳು ಮುಳುಗು ಹಾಕಿದವು.
ಬಾಯಿಗಿಟ್ಟರೆ ಹೆಚ್ಚುಕಮ್ಮಿ ಸಿಹಿನೀರು.
ಉಪ್ಪು ತಿಂದವರು ನೀರು ಕುಡಿಯಲೇಬೇಕು,
ನಮ್ಮ ಕಡೆ ಮಾತಿದೆ.
ಇವು ಜನ್ಮವಿಡೀ ತಿಂದದ್ದು ಉಪ್ಪೇ.
ಕುಡಿದವು.
ಊದಿದವು.
ಸದ್ದಿಲ್ಲದೆ ಒಡೆದವು, ಕೋಟಿ ಕೋಟಿ.
ಕೆರೆ ಎಲ್ಲ ಕೆರೆಗಳ ಹಾಗೆ ಹಸಿರಾಯಿತು.

ದೋಣಿ ಬೋರಲು ಹಾಕಿ ಸುಂಗಾಲೋ ಊರಿಗೆ ಹೋದ.
ಅರಾಮ್ ಹೇಳಿದ್ದಳು: ಉಪ್ಪು ಹರಳುಗಟ್ಟುವಾಗ
ಒಂದೊಂದು ಹನಿ ಒಳಗೇ ಸಿಕ್ಕಿಬೀಳುತ್ತದೆ,
ಹನಿಯೊಳಗೆ ಕೆಲವು ಬದುಕಿರುತ್ತವೆ.
ಈ ಕಾಳುಗಳಲ್ಲ, ಇವುಗಳ ಜೊತೆಗಿರುವ ಇನ್ನೂ ಸಣ್ಣವು.
ಎಷ್ಟು ವರ್ಷ? ಗೊತ್ತಿಲ್ಲ.

ಪೆಂದಾಳ ಗೂಡಿನಲ್ಲಿ, ರೇಡಿಯೋ ಪಕ್ಕ,
ಮುಷ್ಟಿಗಾತ್ರದ ನಸುಗೆಂಪು ಹರಳು.
ಮೀನನ್ನಕ್ಕೆ ಅಂಗಡಿ ಉಪ್ಪು ತರುತ್ತಾಳೆ,
ದುಡ್ಡು ಕೊಟ್ಟು, ಬೈಯುತ್ತ.
ಮೋಡ ಕವಿದ ಸಂಜೆ ಹರಳನ್ನು ಕೆಳಗಿಳಿಸಿ
ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ
ಬಾಯಿಗೆ ಗಂಟು ಹಾಕುತ್ತಾಳೆ.