ಹೆಸರಿಲ್ಲದೆ ಬಂದವು

ಸುರಂಗದಾರಿಯ ಒಳಗೆ ನನ್ನ ಅಂಗಡಿ.
ಎಡಕ್ಕೆ ಕಾಲುಚೀಲ ಮಾರುವವಳು,
ಬಲಕ್ಕೆ ಬೀಗದ ಕೈ ಕಡೆಯುವವನು,
ನಡುವೆ ನಾನು, ಗೋಚಾ,
ಸತ್ತ ಡಿಸ್ಕುಗಳ ನಾಡಿ ಹಿಡಿಯುವವನು.
ತಲೆಯ ಮೇಲೆ ತ್ಬಿಲಿಸಿಯ ಬಸ್ಸುಗಳು ಹಾದಾಗೆಲ್ಲ
ಮೇಜಿನ ಮೇಲಿನ ತಿರುಪುಗಳು
ಕೂದಲೆಳೆಯಷ್ಟು ಸರಿಯುತ್ತವೆ.

ಲಮಾರಾ ಬಂದದ್ದು ಫೆಬ್ರವರಿಯಲ್ಲಿ,
ಲ್ಯಾಪ್‌ಟಾಪನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿಕೊಂಡು,
ಒಲೆಯಿಂದ ಆಗಷ್ಟೇ ತೆಗೆದ ರೊಟ್ಟಿಯ ಹಾಗೆ.
ನಾಟಕಶಾಲೆಗೆ ಮೂವತ್ತೊಂದು ವರ್ಷ ಬಟ್ಟೆ ಹೊಲಿದವಳು.
ನಿಂತಲ್ಲೇ ನನ್ನ ಹೆಗಲನ್ನು ಕಣ್ಣಲ್ಲೇ ಅಳೆದು
"ಎಡಗಡೆ ಇಳಿದಿದೆ, ಬಗ್ಗಿ ಕೂತು ಕೂತು" ಅಂದಳು.
ಆಮೇಲೆ ವಿಷಯಕ್ಕೆ ಬಂದಳು.

ಕಿವಿಗೊಟ್ಟೆ. ಟಕ್. ಟಕ್. ಟಕ್. ಮೌನ. ಟಕ್.
ಇದೇ ಮನೆಯೋ ಅಲ್ಲವೋ ಎಂಬ ಅನುಮಾನದಲ್ಲೇ
ಕದ ತಟ್ಟುವವನ ಸದ್ದು.

"ಒಳಗೇನಿದೆ?" ಎಲ್ಲರನ್ನೂ ಕೇಳುತ್ತೇನೆ.
ಎಲ್ಲರೂ "ಎಲ್ಲಾ" ಅನ್ನುತ್ತಾರೆ.
ಇವಳು ಬೆರಳು ಮಡಿಸಿದಳು:
ನಟರ ಅಳತೆಗಳು, ಎದೆ, ನಡು, ತೋಳು, ಕೊರಳು;
ಈಗ ಅಷ್ಟು ತೆಳ್ಳಗಿಲ್ಲದವರು, ಈಗ ಇಲ್ಲವೇ ಇಲ್ಲದವರು;
ರಾಜನ ನಿಲುವಂಗಿಯ ಒಳಮೈ ಹೊಲಿಗೆಯ ಫೋಟೋ,
ಪ್ರೇಕ್ಷಕರಿಗೆ ಎಂದೂ ಕಾಣದ್ದು.
ಮತ್ತೆ... ಅಷ್ಟೇ, ಅಂದಳು.
ಮಡಿಸಿದ ಬೆರಳು ಇನ್ನೊಂದಿತ್ತು.

ತಲೆ ಬದಲಿಸಬೇಕು, ಅಂದೆ. ಹೆದರಿದಳು.
ನಿಮ್ಮದಲ್ಲ, ಇದರದು.
ಅದೇ ಕಾರ್ಖಾನೆ, ಅದೇ ತಿಂಗಳು, ಅದೇ ಸಾಲಿನ ಸಂಖ್ಯೆ.
ಮದುವೆಗೆ ಜಾತಕ ಕೂಡಿಸುವುದು ಇದಕ್ಕಿಂತ ಸುಲಭ.
ಲಿಲೋ ಸಂತೆಯ ಗುಜರಿ ರಾಶಿಯನ್ನು ಮೂರು ಭಾನುವಾರ ಕೆದಕಿ
ನಾಲ್ಕನೆಯದಕ್ಕೆ ಒಂದು ಸಿಕ್ಕಿತು.
ಯಾರದೋ ಲೆಕ್ಕಪತ್ರ ಓದುತ್ತಿದ್ದ ತಲೆ,
ಇನ್ನು ಇವಳ ಸೂಜಿ ದಾರ ಓದಬೇಕು.

ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ ಮುಚ್ಚಳ ತೆಗೆದೆ.
ಕನ್ನಡಿಯಂಥ ತಟ್ಟೆ. ಅದರಲ್ಲಿ ನನ್ನ ಮೂಗು,
ಅಂಚಿನಲ್ಲಿ ಒಂದು ಗೀರು, ಉಗುರಿನಷ್ಟು.
ಅಲ್ಲಿ ಏನಿತ್ತೋ ಅದು ಹೋಯಿತು.
ಧೂಳಾಗಿ ಒಳಗೇ ಸುತ್ತುತ್ತಿರಬಹುದು
ಯಾರದೋ ತೋಳಿನ ಅಳತೆ.

ಹನ್ನೊಂದು ರಾತ್ರಿ ಅದು ಓದಿತು.
ಬಂದವು, ಬಂದವು, ಆದರೆ ಹೆಸರಿಲ್ಲದೆ:
ನಲವತ್ತು ಸಾವಿರ, ಬರೀ ಅಂಕಿ ಹೊತ್ತು,
ದಿನಾಂಕ ಉದುರಿ, ಕಪಾಟು ಕಳಕೊಂಡು,
ನೆರೆ ಇಳಿದ ಮೇಲೆ ಬಯಲಲ್ಲಿ ಹರಡಿದ ಪಾತ್ರೆಗಳು.
ಕೆಲವು ಅರ್ಧ: ಕಿರೀಟದಿಂದ ಗಲ್ಲದವರೆಗೆ ರಾಣಿ,
ಕೆಳಗೆ ಬೂದಿಬಣ್ಣ.

ಕಳೆದುಹೋದದ್ದು ಯಾವುದು, ಕಿತ್ತೆಸೆದದ್ದು ಯಾವುದು,
ಯಂತ್ರಕ್ಕೆ ಭೇದವಿಲ್ಲ.
ಅಳಿಸಿದ್ದೂ ಎದ್ದು ಬರುತ್ತದೆ, ಕರೆಯದಿದ್ದರೂ.

"ಅದೂ ಬೇಕೇ?" ಕೇಳಿದೆ.
ಆ ಬೆರಳು ಆಗ ಬಿಚ್ಚಿಕೊಂಡಿತು.
ತಂಗಿ, ಎತೇರಿ, ಕುತಾಯಿಸಿಯಲ್ಲಿ.
ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಎಂದು ಹತ್ತಿದ ಜಗಳ,
ಹದಿಮೂರು ವರ್ಷ.
ಬಂದ ಪತ್ರಗಳನ್ನು ಇಳಿಸಿಕೊಂಡಳು, ತೆರೆಯಲಿಲ್ಲ, ಅಳಿಸಿದಳು.

ಒಂದೇ ಸಿಕ್ಕಿತ್ತು, ಅದೂ ಹರಿದು.
ಮೇಲೆಲ್ಲ ಚೌಕ ಚೌಕ, ಪ್ರಶ್ನೆಯ ಕೊಂಡಿಗಳು,
ನಡುವೆ ಮಾತ್ರ ಓದುವಂತೆ:
"ಯಂತ್ರ ನೀನೇ ಇಟ್ಟುಕೋ. ಅದರ ಖಾನೆಯಲ್ಲಿ
ಅಮ್ಮ ಬೆರಳಿಗೆ ಹಾಕುತ್ತಿದ್ದ ಹಿತ್ತಾಳೆ ಟೋಪಿ ಇದೆ.
ಅದನ್ನು ಮಾತ್ರ"
ಮುಂದೆ ಮತ್ತೆ ಚೌಕಗಳು.

"ಅದನ್ನು ಮಾತ್ರ ಏನು?" ಕೇಳಿದಳು,
ನನ್ನನ್ನಲ್ಲ, ತೆರೆಯನ್ನು.
ಕಳಿಸು? ಕಾಪಾಡು? ಯಾರಿಗೂ ಕೊಡಬೇಡ?
ಅಲ್ಲೇ ಗೀರು ಬಿದ್ದಿತ್ತು. ನಾನೇನು ಹೇಳಲಿ,
ನನಗೆ ಅಕ್ಷರ ಹೆಕ್ಕುವುದು ಗೊತ್ತು, ತೇಪೆ ಹಾಕುವುದು ಅವಳ ಕಸುಬು.

ದುಡ್ಡು ಎಣಿಸಿ ಕೊಟ್ಟಳು, ಚೌಕಾಶಿ ಮಾಡದೆ.
ಹೊರಗೆ ಕಾಲುಚೀಲದವಳ ಪಕ್ಕ ನಿಂತು
ಫೋನು ಕಿವಿಗಿಟ್ಟಳು. ಎಷ್ಟೋ ಹೊತ್ತು ರಿಂಗಾಗಿರಬೇಕು.
ಮೇಲೆ ಬಸ್ಸು ಹಾದಿತು. ತಿರುಪುಗಳು ಸರಿದವು.
ನನಗೆ ಕೇಳಿಸಿದ್ದು ಇಷ್ಟೇ:
"ನಾನು.
ಅದನ್ನು ಮಾತ್ರ, ಏನು?"