ಕೊಂಬೆ ಕೊಯ್ಯುವವಳನ್ನು ಕೇಳಿದರೆ

ಹೂವು ನೋಡಲು ಒಳ್ಳೆಯ ಜಾಗ ಯಾವುದು
ಎಂದು ಕೇಳುತ್ತೀರಿ, ಕೈಯಲ್ಲಿ ನಕ್ಷೆ ಹಿಡಿದೇ.
ನಕ್ಷೆಯಲ್ಲಿರುವುದೆಲ್ಲ ನಿಜ. ಹಿರೊಸಾಕಿಯ ಕೋಟೆ,
ಕಂದಕ, ಕೆಂಪು ಸೇತುವೆ, ಆಚೆ ಇವಾಕಿ ಬೆಟ್ಟ
ಏಪ್ರಿಲ್ ಮುಗಿಯುತ್ತ ಬಂದರೂ ಹಿಮದ ಟೋಪಿ ತೆಗೆಯದೆ.
ಹೋಗಿ ನೋಡಿ, ಬೇಡವೆನ್ನುವುದಿಲ್ಲ.
ಆದರೆ ನೀವು ಕೇಳಿದ್ದು ನನ್ನನ್ನು,
ಕೊಂಬೆ ಕೊಯ್ಯುವವಳನ್ನು.

ಮೊದಲನೆಯದು ನಮ್ಮ ಮನೆಯ ಬಚ್ಚಲು.
ನಗಬೇಡಿ.
ಫೆಬ್ರುವರಿಯಲ್ಲಿ ಸೊಂಟದವರೆಗೆ ಹಿಮ,
ಏಣಿಯ ಮೆಟ್ಟಿಲಿಗೆ ಕೈಗವಸು ಕಚ್ಚಿಕೊಳ್ಳುವ ಚಳಿ.
ಆಗ ಕೊಯ್ದ ಕೊಂಬೆಗಳನ್ನು ಕಟ್ಟು ಕಟ್ಟಿ ತಂದು
ನೀಲಿ ಬಕೆಟ್ಟಿನಲ್ಲಿ ನಿಲ್ಲಿಸುತ್ತೇನೆ.
ಸ್ನಾನದ ಹಬೆಯನ್ನೇ ವಸಂತವೆಂದು ನಂಬಿ
ಮಾರ್ಚಿಯ ಮೊದಲಲ್ಲೇ ಬಿರಿಯುತ್ತವೆ,
ಬಿಳಿಚಿಕೊಂಡು, ಮೋಸಹೋದವರ ಹಾಗೆ.
ಮೈಗೆಲ್ಲ ಸೋಪು ಹಚ್ಚಿಕೊಂಡು ಒಬ್ಬಳೇ ನೋಡುತ್ತೇನೆ.
ಹೊರಗೆ ಹಿಮ ತಳ್ಳುವ ಯಂತ್ರದ ಗೊರಗೊರ.

ಸಕುರ ಕೊಯ್ಯುವವನು ಪೆದ್ದ ಎಂದು ಗಾದೆಯುಂಟು.
ನಾವು ತ್ಸುಗರುವಿನವರು ಸೇಬು ಬೆಳೆಯುವ ಮಂದಿ,
ಕೊಂಬೆ ಕಂಡರೆ ಕೈ ಸುಮ್ಮನಿರದು.
ನನಗೆ ಗರಗಸ ಹಿಡಿಸಿದವರು ಒಸಾನಾಯಿ ಗೆನ್‌ಪಚಿ.
ಐವತ್ತು ವರ್ಷ ತೋಟ, ಬಾಯಿ ತೆರೆದರೆ ಬೈಗುಳ.
“ಯಾವುದನ್ನು ಕೊಯ್ಯಲಿ ಅಂತ ನೋಡಬೇಡ, ಸೆತ್ಸು,
ಬೆಳಕು ಎಲ್ಲಿ ಇಳಿಯಬೇಕು, ಅದು ನೋಡು”
ಎಂದರು, ಒಂದೇ ಒಂದು ಸಲ.
ಉಳಿದ ವರ್ಷಗಳೆಲ್ಲ
“ಏಣಿ ಸರಿಯಾಗಿಡು, ಕತ್ತೆ.”

ಇನ್ನೊಂದು, ಪೆಟ್ರೋಲ್ ಬಂಕಿನ ಹಿತ್ತಲು.
ಚಳಿಗಾಲದ ಟೈರು ಬಿಚ್ಚಿಸಿ ಬೇಸಿಗೆಯದು ಹಾಕಿಸಲು
ಊರಿಗೆ ಊರೇ ಸಾಲುಗಟ್ಟುವ ವಾರವೇ
ಅಲ್ಲಿನ ಒಂಟಿ ಮರವೂ ಅರಳುತ್ತದೆ, ಟೈರು ರಾಶಿಯ ಮೇಲೆ.
ಬಾನೆಟ್ಟಿಗೆ ಬಿದ್ದ ದಳ ಒರೆಸಿಕೊಡು ಎಂದರೆ
ಮಾಲೀಕ ನಕಾಹತ ತಲೆಯಾಡಿಸುತ್ತಾನೆ:
ಅದಕ್ಕೆ ಬೇರೆ ದರ.

ಅಶಿನೊ ಕಡೆಗೆ ಒಂದು ಪುಟ್ಟ ರೈಲಿದೆ.
ಕ್ಯಾಮೆರಾದವರು ಹಳಿಯ ಪಕ್ಕ ಕಾದಿರುತ್ತಾರೆ,
ನೀವು ಒಳಗೆ ಕೂತಿರಿ. ಹೂವು ಕಿಟಕಿಯವರೆಗೂ ಬಂದು
ಒಳಗೆ ಇಣುಕಿ ಹೋಗುತ್ತದೆ.
ಎದುರಿಗೆ ಹೈಸ್ಕೂಲು ಹುಡುಗನೊಬ್ಬ
ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುತ್ತಾನೆ.
ಅವನನ್ನೂ ಸೇರಿಸಿ ನೋಡಿ.

ಮತ್ತೊಂದನ್ನು ಹೇಳುವುದೋ ಬೇಡವೋ.
ಆಸ್ಪತ್ರೆಯ ಹಿಂದೆ, ಕಾರು ನಿಲ್ಲಿಸುವಲ್ಲಿ, ಒಂದು ಮರ.
ಗೋಡೆಗೆ ಉಜ್ಜುವ ಕೊಂಬೆಯನ್ನು ಬಿಡಬಾರದು,
ಮಕ್ಕಳಿಗೂ ಗೊತ್ತಿರುವ ಪಾಠ.
ಹೋದ ವರ್ಷ ಬಿಟ್ಟೆ.
ಮೂರನೆಯ ಮಹಡಿ, ಎಡಗಡೆಯ ಕಿಟಕಿ.
ಅರಳಿದ ದಿನ ಗೆನ್‌ಪಚಿ ದಿಂಬಿನಿಂದ ತಲೆಯೆತ್ತಿ
“ಇದನ್ನು ಬಿಟ್ಟ ಕತ್ತೆ ಯಾರು?” ಎಂದರು.
ನಾನು ಕಿತ್ತಳೆ ಸುಲಿಯುತ್ತಿದ್ದೆ, ಮಾತಾಡಲಿಲ್ಲ.
ಬೈದಾದ ಮೇಲೆ, ಊಟದ ತಟ್ಟೆ ಬರುವವರೆಗೂ
ಅವರ ಕಣ್ಣು ಅಲ್ಲಿಂದ ಕದಲಲಿಲ್ಲ.

ಈ ಫೆಬ್ರುವರಿ ಅದನ್ನು ಕೊಯ್ದೆ.
ಗಾಯಕ್ಕೆ ಮುಲಾಮು ಬಳಿದೆ, ಅವರು ಕಲಿಸಿದಂತೆ,
ಅಂಚಿನಿಂದ ಒಳಕ್ಕೆ.
ಬಕೆಟ್ಟಿನಲ್ಲಿ ಮೊದಲು ಬಿರಿದದ್ದು ಅದೇ.

ಸರಿ, ಕಂದಕಕ್ಕೇ ಹೋಗುವಿರಾದರೆ
ಗಾಳಿ ಬೀಸಿದ ಮರುದಿನ ಹೋಗಿ.
ನೀರು ಕಾಣದಷ್ಟು ದಳ. ಬಾತೊಂದು ಸೀಳಿಕೊಂಡು ಹೋದರೆ
ಹಿಂದೆ ಕಪ್ಪು ದಾರಿ ತೆರೆದು, ತಡೆದು, ಮುಚ್ಚಿಕೊಳ್ಳುತ್ತದೆ.
ಅಷ್ಟು ಹೊತ್ತಿಗೆ ನಿಮ್ಮ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ.

ನೀವು ಹೋದ ಮೇಲೆ ಸೇಬು ಹೂ ಬಿಡುತ್ತದೆ.
ಅದಕ್ಕೆ ನಕ್ಷೆ ಅಚ್ಚು ಹಾಕಿಸಿದವರಿಲ್ಲ.
ಹೂಹೂವಿಗೂ ಪರಾಗ ಮುಟ್ಟಿಸಬೇಕು, ಕೈ ಸಾಲದು.
ಬರುವಿರಾದರೆ ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ.
ಏಣಿ ನಮ್ಮಲ್ಲಿದೆ.